ಗುಡ್ಡ ಹತ್ತದೆ ಸಿಗುವ ಪಾಠ
ಮಾರ್ಟಿನ್ ಡೂಗಿಯಾಮಸ್ ಬಾಲ್ಯದಲ್ಲಿ ಕಲಿತದ್ದು ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ, ರೇಡಿಯೋದಲ್ಲಿ ಕೇಳಿಬರುತ್ತಿದ್ದ ಪಾಠಗಳಿಂದ. ಅವರೇ 2002ರಲ್ಲಿ ಮೂಡಲ್ ಎಂಬ ಕಲಿಕಾ ತಂತ್ರಾಂಶವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಶಾಲೆಗಳಿಗೆ ಇಂಥದ್ದನ್ನು ಕಟ್ಟುವವರು ಮೊದಲು ನೆನೆಯಬೇಕಾದ್ದು ಹಾಜರಿ, ಅಂಕಪಟ್ಟಿಗಳನ್ನಲ್ಲ. 2020ರಲ್ಲಿ ಶಾಲೆ ಮುಚ್ಚಿದ್ದಾಗ ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದನ್ನು. ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಫೋನು, ಅದೂ ಅಪ್ಪ ಕೆಲಸದಿಂದ ಬಂದ ಮೇಲೆ. ಹಾಗಾಗಿ ಒಮ್ಮೆ ಇಳಿಸಿಕೊಂಡ ಪಾಠ ನೆಟ್ ಇಲ್ಲದೆಯೂ ತೆರೆಯಬೇಕು, ಬರೆದ ಉತ್ತರ ಸಂಪರ್ಕ ಸಿಕ್ಕಾಗ ತಾನಾಗಿ ಶಾಲೆ ಸೇರಬೇಕು. ಇದು ಆಗದ ಮಾತಲ್ಲ, ಕೋಲಿಬ್ರಿ ಎಂಬ ಕಲಿಕಾ ತಂತ್ರಾಂಶ ಮಾಡಿ ತೋರಿಸಿದೆ. ಅಕ್ಕ, ತಮ್ಮ ಇಬ್ಬರ ಖಾತೆಯೂ ಒಂದೇ ಫೋನಿನಲ್ಲಿರಲಿ. ‘ಸಬ್ಮಿಟ್’ ಎನ್ನುವ ಕಡೆ ‘ಟೀಚರ್‌ಗೆ ಕಳಿಸು’ ಎಂದಿರಲಿ.