ಉರುಳೆಯೊಳಗಿನ ನೀರು

ಮಕ್ಕಳ ಬರೆಯುವ ಪುಸ್ತಕಕ್ಕೆ ಪ್ರತಿ ಜೂನಿನಲ್ಲಿ ಹಣ ತೆರುವ ಹೆತ್ತವರು, ಆ ಹಣದ ಒಂದು ಪಾಲು ಹಾಳೆಯನ್ನು ಒಣಗಿಸಲು ಸುಟ್ಟ ಉರುವಲಿನ ಬೆಲೆಯೆಂಬುದನ್ನು ಬಹುಶಃ ಯೋಚಿಸಿರಲಾರರು. 1936ರಲ್ಲಿ ಸ್ಥಾಪನೆಗೊಂಡ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ವರ್ಷಗಳಾದುವು; ಕಾಳೀ ನದಿಯ ದಂಡೆಯಲ್ಲಿ, ದಾಂಡೇಲಿಯಲ್ಲಿ, 1955ರಲ್ಲಿ ಹುಟ್ಟಿದ ಕಾರ್ಖಾನೆ ನಡೆಯುತ್ತಲಿದೆ. ಬರೆಯುವ ಕಾಗದವನ್ನು ಒಣಗಿಸುವ ಸಾಮಾನ್ಯ ಕ್ರಮವೆಂದರೆ, ಹಸಿ ಹಾಳೆಯನ್ನು ಸಾಲಾಗಿ ತಿರುಗುವ ಎರಕದ ಕಬ್ಬಿಣದ ಟೊಳ್ಳು ಉರುಳೆಗಳ ಮೇಲೆ ಹಾಯಿಸುವುದು. ಉರುಳೆಯೊಳಗೆ ಉಗಿ ತುಂಬಿರುತ್ತದೆ. 100 ಡಿಗ್ರಿಯಲ್ಲಿ ಒಂದು ಕಿಲೋಗ್ರಾಂ ಉಗಿ ನೀರಾಗುವಾಗ ಸುಮಾರು 540 ಕಿಲೋಕ್ಯಾಲೊರಿ ಶಾಖವನ್ನು ಬಿಟ್ಟುಕೊಡುತ್ತದೆ. ಶಾಖ ಹೊರಗಿನ ಕಾಗದಕ್ಕೆ ಸಲ್ಲುತ್ತದೆ; ನೀರು ಮಾತ್ರ ಒಳಗೇ ಉಳಿಯುತ್ತದೆ.

ತೊಡಕು ಈ ನೀರಿನದ್ದು. ಉರುಳೆ ಮೆಲ್ಲನೆ ತಿರುಗುವಾಗ ಅದು ತಳದಲ್ಲಿ ಕೊಳದಂತೆ ನಿಲ್ಲುತ್ತದೆ. ವೇಗ ಹೆಚ್ಚಿದಂತೆ ಗೋಡೆಯನ್ನು ಹಿಡಿದು ಮೇಲೇರಿ, ನೆತ್ತಿಗೆ ತಲಪಲಾರದೆ ಧುಮುಕುತ್ತದೆ. ಈ ಏರಿಳಿತದಿಂದ ಯಂತ್ರಕ್ಕೆ ಹೊರೆ ಹೆಚ್ಚು. ಇನ್ನೂ ವೇಗವಾದರೆ ನೀರು ಬೀಳುವುದೇ ಇಲ್ಲ. ಒಳಗೋಡೆಯ ಸುತ್ತಲೂ ಬಳೆಯಂತೆ ಅಂಟಿಕೊಂಡು ಉರುಳೆಯೊಂದಿಗೇ ತಿರುಗುತ್ತದೆ.

ನಮ್ಮ ಮೀಂಜದ ಮಕ್ಕಳು ನೀರು ತುಂಬಿದ ಬಾಲ್ದಿಯನ್ನು ತಲೆಯ ಮೇಲಿನಿಂದ ಬೀಸಿ ತಿರುಗಿಸುವ ಆಟವೂ ಇದುವೇ. ಶಾಲೆಯ ಪಾಠ ಬಾಲ್ದಿಯಲ್ಲಿಗೆ ಮುಗಿದುಬಿಡುವುದು ನನಗೆ ಸರಿ ಕಾಣುವುದಿಲ್ಲ. ಒಂದೂವರೆ ಮೀಟರ್ ವ್ಯಾಸದ ಉರುಳೆಯ ನೆತ್ತಿಯಲ್ಲಿ ನೀರು ಬೀಳದಿರಬೇಕಾದರೆ ಅದಕ್ಕೆ ನಿಮಿಷಕ್ಕೆ ಸುಮಾರು 160 ಮೀಟರ್ ವೇಗ ಬೇಕೆಂಬ ಲೆಕ್ಕವನ್ನು ಹತ್ತನೆಯ ತರಗತಿಯ ವಿದ್ಯಾರ್ಥಿ ಮಾಡಬಲ್ಲನು. ಗೋಡೆಯ ವೇಗ ಇದಕ್ಕಿಂತ ಬಹಳ ಹೆಚ್ಚಿರಬೇಕು. ಏಕೆಂದರೆ ನೀರು ಗೋಡೆಯ ಮೇಲೆ ಜಾರುತ್ತದೆ, ಪದರ ದಪ್ಪವಾದಷ್ಟೂ ಜಾರುವುದು ಹೆಚ್ಚು. ಒಮ್ಮೆ ಕಟ್ಟಿದ ಬಳೆಯಾದರೋ, ವೇಗವನ್ನು ಸ್ವಲ್ಪ ತಗ್ಗಿಸಿದ ಮಾತ್ರಕ್ಕೆ ಒಡೆಯುವುದಿಲ್ಲ. ಕಟ್ಟಿದ್ದಕ್ಕಿಂತ ಕಡಿಮೆ ವೇಗಕ್ಕೆ ಇಳಿದ ಮೇಲೆಯೇ ಕುಸಿಯುತ್ತದೆ.

ಬಳೆ ಕಟ್ಟಿದಾಗ ಯಂತ್ರ ಹಗುರವಾಗಿ, ಸದ್ದಿಲ್ಲದೆ ಓಡುತ್ತದೆ. ಆದರೆ ಕಾಗದ ಒಣಗುವುದಿಲ್ಲ! ಎರಕದ ಕಬ್ಬಿಣವು ನೀರಿಗಿಂತ ಸುಮಾರು 80 ಪಾಲು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಆದ ಕಾರಣ ಅಲುಗಾಡದ 1 ಮಿಲಿಮೀಟರ್ ನೀರು, 8 ಸೆಂಟಿಮೀಟರ್ ದಪ್ಪದ ಕಬ್ಬಿಣದಷ್ಟು ಅಡ್ಡಿಯಾಗುತ್ತದೆ. ಬಾಯ್ಲರಿಗೆ ಎಷ್ಟು ಉರುವಲು ಒಟ್ಟಿದರೂ ಈ ತೆಳು ಪದರ ಅದರ ಫಲವನ್ನು ತಡೆಹಿಡಿಯುತ್ತದೆ.

ನೀರನ್ನು ಹೊರತೆಗೆಯಲು ಗೋಡೆಯ ಸಮೀಪದವರೆಗೆ ಸೈಫನ್ ನಳಿಗೆಯನ್ನು ಇಳಿಸಿರುತ್ತಾರೆ. ಒಳಗಿನ ಉಗಿಯ ಒತ್ತಡವೇ ನೀರನ್ನು ಅದರ ಮೂಲಕ ತಳ್ಳುತ್ತದೆ. ಆದರೂ ತೆಳುವಾದ ಪದರವೊಂದು ಉಳಿದೇ ಉಳಿಯುತ್ತದೆ. ಪೂರ್ತಿ ತೆಗೆಯಲಾಗದ ನೀರನ್ನು ನೆಮ್ಮದಿಯಿಂದ ಇರಗೊಡಬಾರದೆಂದು ಇಂಜಿನಿಯರರು ಇನ್ನೊಂದು ಉಪಾಯ ಹೂಡಿದರು: ಉರುಳೆಯ ಉದ್ದಕ್ಕೂ ಒಳಗೋಡೆಗೆ ಸಮಾನ ಅಂತರದಲ್ಲಿ ಲೋಹದ ಪಟ್ಟಿಗಳನ್ನು ಬಿಗಿದರು. ಎರಡು ಪಟ್ಟಿಗಳ ನಡುವೆ ಸಿಕ್ಕಿದ ನೀರು, ಪ್ರತಿ ಸುತ್ತಿನಲ್ಲಿಯೂ ತೊಟ್ಟಿಲು ತೂಗಿದಂತೆ ಅತ್ತಿತ್ತ ಹೊಯ್ದಾಡುತ್ತದೆ. ಕಲಕಿದ ನೀರಿನಲ್ಲಿ ಶಾಖ ಬೇಗನೆ ದಾಟುತ್ತದೆ, ಹಾಳೆಯ ಅಂಚೂ ನಡುವೂ ಒಂದೇ ಹದದಲ್ಲಿ ಒಣಗುತ್ತವೆ.