ಬೈಕಿನ ಹಿಂಭಾಗ, ಅವ್ವನ ಸೆರಗು



ಸಂಜೆ ಹೊತ್ತು ಹಾಸ್ಟೆಲ್ ಅಂಗಳದಲ್ಲಿ ನಿಂತಿರುವ ಬೈಕುಗಳನ್ನು ಒಮ್ಮೆ ಹಿಂದಿನಿಂದ ನೋಡಿ. ಮಡ್‌ಗಾರ್ಡು ಅರ್ಧಕ್ಕೇ ಕತ್ತರಿಸಿದೆ. ಸ್ಯಾರಿ ಗಾರ್ಡು ಬಿಚ್ಚಿ ಮಂಚದ ಕೆಳಗೆ ಎಸೆದಾಗಿದೆ. ಕಂಪನಿಯ ಇಂಡಿಕೇಟರು ಹೋಗಿ ಬೆಂಕಿಕಡ್ಡಿಯಂಥ ಎರಡು ದೀಪ ಬಂದಿವೆ. ನಂಬರ್ ಪ್ಲೇಟು ಸೀಟಿನಡಿಗೆ ತೂರಿಕೊಂಡು ಓರೆಯಾಗಿ ಮಲಗಿದೆ. ಹಿಂದೆ ಬರುವವನಿಗೆ ಒಂದು ಅಂಕಿಯೂ ಓದಲಾಗದು.

ಅಂಗಡಿಯವರು ಇದಕ್ಕೆ ಟೈಲ್ ಟೈಡಿ ಅಂತಾರೆ. ಬೆಂಗಳೂರಿನ ಜೆ.ಸಿ. ರೋಡಿಗೆ ಹೋದರೆ ಸಾಲು ಸಾಲು ತೂಗುಹಾಕಿರ್ತಾರೆ. ಒಂದು ಪಟ್ಟಿ, ನಾಲ್ಕು ಬೋಲ್ಟು, ಎರಡು ವೈರು. ಹಾಕಿಸಿದರೆ ಹಿಂದಿನ ಚಕ್ರ ಪೂರ್ತಿ ಕಾಣುತ್ತೆ, ಗಾಡಿ ರೇಸಿನ ಗಾಡಿಯಂತೆ ಎದ್ದು ನಿಲ್ಲುತ್ತೆ. ಚೆಂದ ಕಾಣುತ್ತೆ, ಸುಳ್ಳು ಯಾಕೆ ಹೇಳೋದು? ನಮ್ಮಲ್ಲೂ ಹಾಕಿಸಿದವರಿದ್ದೇವೆ.

ಶೋಕಿ ಬೇಡ ಎಂದು ಬುದ್ಧಿ ಹೇಳುವ ಹಿರಿಯರ ಸಾಲಿಗೆ ಸೇರಿದವರು ನಾವಲ್ಲ. ಮೇಲ್ಜಾತಿ ಬೀದಿಯಲ್ಲಿ ಚಪ್ಪಲಿ ಕೈಲಿ ಹಿಡಿದು ನಡೆದ ತಾತಂದಿರ ಮೊಮ್ಮಕ್ಕಳು ನಾವು. ಸೈಕಲ್ ಇಳಿದು ತಳ್ಳಿಕೊಂಡು ಹೋಗಲೇ ಎಂದು ಅನ್ನಿಸಿಕೊಂಡ ಅಪ್ಪಂದಿರ ಮಕ್ಕಳು. ಅದೆಲ್ಲ ಮುಗಿದ ಕತೆ ಎನ್ನುವವರು ತಮಿಳುನಾಡಿನ ಶಿವಗಂಗೆ ಜಿಲ್ಲೆಯತ್ತ ನೋಡಲಿ. 2025ರ ಫೆಬ್ರವರಿಯಲ್ಲಿ ಅಲ್ಲೊಬ್ಬ ದಲಿತ ವಿದ್ಯಾರ್ಥಿಯ ಕೈಗಳ ಮೇಲೆ ಆಯುಧ ಬೀಸಿದರು. ಅವನು ಬುಲೆಟ್ ಓಡಿಸಿದ್ದೇ ಸಿಟ್ಟಿಗೆ ಕಾರಣ ಎಂದು ಮನೆಯವರು ದೂರಿದರು. ಹೀಗಿರುವಾಗ, ಕಂತಿನ ಸಾಲದಲ್ಲಿ ತಂದ ಗಾಡಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂರುವುದೇ ಒಂದು ಉತ್ತರ. ಆ ಉತ್ತರ ಹಾಳಾಗಬಾರದು ಅಂತಲೇ ಈ ಮಾತು.

ಹೋದ ಮಳೆಗಾಲ. ನಮ್ಮ ಗೆಳೆಯನೊಬ್ಬನ ಅವ್ವ ಮಗನನ್ನು ನೋಡೋಕೆ ಬಂದಿದ್ದರು. ಬಸ್ ಸ್ಟ್ಯಾಂಡಿನಿಂದ ಹಾಸ್ಟೆಲ್ಲಿಗೆ ಗಾಡಿ ಮೇಲೆ ಹೊರಟರು. ಎಡಕ್ಕೆ ಕಾಲು ಇಳಿಬಿಟ್ಟು, ಒಂದು ಕೈಲಿ ಬುತ್ತಿ ಗಂಟು, ಇನ್ನೊಂದು ಕೈ ಮಗನ ಹೆಗಲ ಮೇಲೆ. ನೂರು ಮಾರು ಹೋಗಿಲ್ಲ, ಸೆರಗು ಹಿಂದಿನ ಚಕ್ರಕ್ಕೆ ಸಿಕ್ಕಿ ಸುತ್ತಿಕೊಂಡಿತು. ಗಾಡಿ ನಿಧಾನ ಇತ್ತು. ಸೀರೆ ಹಳೇದು, ಚರ್ರನೆ ಹರಿಯಿತು. ಸೀರೆ ಹಳೇದಾಗಿದ್ದಕ್ಕೇ ಅವ್ವ ಉಳಿದರು! ಮೊಣಕೈ ತರಚಿ ರಕ್ತ ಸುರೀತಿದ್ದರೂ ಅವರು ಕೇಳಿದ್ದು ಒಂದೇ ಮಾತು: “ಗಾಡಿಗೇನೂ ಆಗ್ಲಿಲ್ವೇನೋ ಮಗಾ?” ಆ ರಾತ್ರಿ ನಮ್ಮ ರೂಮಿನಲ್ಲಿ ಯಾರಿಗೂ ನಿದ್ದೆ ಹತ್ತಲಿಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೇ ನಿಯಮ ಓದಿ. ಹಿಂದೆ ಕೂತವರಿಗೆ ಹಿಡಿಕೆ ಇರಬೇಕು, ಕಾಲಿಡಲು ಜಾಗ ಇರಬೇಕು, ಬಟ್ಟೆ ಸಿಕ್ಕಿಕೊಳ್ಳದ ಹಾಗೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮರೆ ಇರಬೇಕು. ರೇಸಿನ ಗಾಡಿಗೆ ಇದು ಬೇಡ. ಅಲ್ಲಿ ಹಿಂದೆ ಯಾರೂ ಕೂರೋದಿಲ್ಲ. ನಮ್ಮ ಗಾಡಿ ಹಿಂದೆ ಕೂರೋದು ಅವ್ವ, ಅಕ್ಕ, ಆಸ್ಪತ್ರೆಗೆ ಹೊರಟ ಬಸುರಿ ತಂಗಿ. ಮಡ್‌ಗಾರ್ಡು ಕತ್ತರಿಸಿದರೆ ಕೆಸರೆಲ್ಲ ಅವರ ಬೆನ್ನಿಗೆ, ಮಿಕ್ಕಿದ್ದು ಹಿಂದೆ ಬರುವ ಸವಾರನ ಕಣ್ಣಿಗೆ. ಇಬ್ಬರು ಕೂತು ಗುಂಡಿಗೆ ಇಳಿದರೆ ಗಿಡ್ಡ ಪಟ್ಟಿಯ ಪ್ಲೇಟು ಟೈರಿಗೇ ಉಜ್ಜುತ್ತೆ. ಟೇಪು ಸುತ್ತಿದ ವೈರಿಗೆ ನೀರಿಳಿದರೆ ಬ್ರೇಕಿನ ದೀಪವೂ ಕೆಡಬಹುದು.

ಇನ್ನು ನಂಬರು. ಹಿಂದಿನ ಪ್ಲೇಟಿನಲ್ಲಿ ಅಕ್ಷರ 35 ಮಿ.ಮೀ., ಅಂಕಿ 40 ಮಿ.ಮೀ. ಎತ್ತರ ಇರಬೇಕು, ರಾತ್ರಿ 15 ಮೀಟರ್ ದೂರದಿಂದ ಓದುವಷ್ಟು ಬಿಳಿ ಬೆಳಕು ಅದರ ಮೇಲೆ ಬೀಳಬೇಕು. ಇಷ್ಟು ಕರಾರುವಾಕ್ಕಾದ ಲೆಕ್ಕ ಯಾಕೆ? ಗುದ್ದಿ ಓಡಿದವನನ್ನು ಹಿಡಿಯಲು ಬಿದ್ದವರಿಗೆ ಉಳಿಯುವ ಸಾಕ್ಷಿ ಎಷ್ಟೋ ಸಲ ಅದೊಂದೇ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 30,486 ಮಂದಿಯನ್ನು ಕೊಂದ ಗಾಡಿಗಳು ಗುದ್ದಿ ಓಡಿಹೋದವು. ಅದೇ ವರ್ಷ ಸತ್ತ ಪಾದಚಾರಿಗಳು 32 ಸಾವಿರಕ್ಕೂ ಹೆಚ್ಚು.

ಗುದ್ದಿದ ಗಾಡಿ ಯಾವುದೆಂದು ಗೊತ್ತಾಗದಿದ್ದರೆ, 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಯೋಜನೆಯಲ್ಲಿ ಸತ್ತವರ ಮನೆಗೆ ಸಿಗೋದು 2 ಲಕ್ಷ ರೂಪಾಯಿ. ಗೊತ್ತಾದರೆ ಟ್ರಿಬ್ಯುನಲ್ಲಿನಲ್ಲಿ ಕೇಸು ಹಾಕಿ, ಸತ್ತವರ ವಯಸ್ಸು, ದುಡಿಮೆ ಲೆಕ್ಕ ಹಾಕಿಸಿ ಪರಿಹಾರ ಕೇಳಬಹುದು. ಎರಡರ ನಡುವೆ ಇರುವುದು ಒಂದು ನಂಬರು. ಕೂಲಿ ಮುಗಿಸಿ, ದೀಪವಿಲ್ಲದ ರಸ್ತೆ ಅಂಚಿನಲ್ಲಿ ಊರಾಚೆಯ ಕೇರಿಗೆ ನಡೆದು ಬರುವವರು ಯಾರ ಮನೆಯವರು? ನಂಬರು ಮಡಚಿಡುವ ಚಾಳಿ ಊರೆಲ್ಲ ಹಬ್ಬಿದರೆ ಮೊದಲು ಮೋಸ ಹೋಗುವವರು ಅವರೇ.

ಆ ತಗಡಿನ ಮೇಲೆ ಜಾತಿಗೆ ಜಾಗ ಇಲ್ಲ. ಜಮೀನುದಾರನ ಮಗನ ಬೈಕಿಗೂ ಅದೇ ಅಳತೆ, ಕೇರಿಯ ಹುಡುಗನ ಬೈಕಿಗೂ ಅದೇ ಅಳತೆ. ಇದನ್ನು ಸಹಿಸಲಾರದ ಜಾತಿಸ್ಥರು ಅದರ ಮೇಲೆ ಕೆಳಗೆ ಜಾಗ ಹುಡುಕಿ ತಮ್ಮ ಜಾತಿ ಬರೆಸ್ತಾರೆ. 2025ರ ಸೆಪ್ಟೆಂಬರಿನಲ್ಲಿ, ಅಲಹಾಬಾದ್ ಹೈಕೋರ್ಟಿನ ತೀರ್ಪಿನ ಬೆನ್ನಿಗೆ, ಉತ್ತರ ಪ್ರದೇಶ ಸರ್ಕಾರ ವಾಹನಗಳ ಮೇಲೆ ಜಾತಿ ಹೆಸರು ಕೂಡದು ಎಂದು ಆದೇಶ ಹೊರಡಿಸಬೇಕಾಯಿತು. ಅವರು ಜಾತಿ ಬರೆಸಿ ಮೆರೆದರೆ, ನಾವು ಸರಿಸಮವಾಗಿ ಸಿಕ್ಕಿದ ನಂಬರನ್ನೇ ಬಚ್ಚಿಟ್ಟು ಮೆರೆಯಬೇಕೆ?

“ದೊಡ್ಡವರ ಮಕ್ಕಳು ಮಾಡಿದರೆ ಸ್ಟೈಲು, ನಾವು ಮಾಡಿದರೆ ಕೇಸಾ?” ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ತಪಾಸಣೆಯಲ್ಲಿ ಮೊದಲು ಯಾರ ಗಾಡಿಗೆ ಕೈ ಅಡ್ಡ ಬರುತ್ತೆ, ಫೋನು ಮಾಡಿ ಬಿಡಿಸೋ ಮಾವ ಯಾರಿಗಿರ್ತಾನೆ, ನಮಗೂ ಗೊತ್ತು. ಆ ತಾರತಮ್ಯದ ವಿರುದ್ಧ ಕೂಗಲೇಬೇಕು. ಆದರೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ ಏನು ಹೇಳುತ್ತೆ? ಕಾನೂನು ಒಪ್ಪದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ನಮ್ಮನ್ನು ನಿಲ್ಲಿಸಲು ನೆಪ ಹುಡುಕುವವರ ಕೈಗೆ ನಾವೇ ನೆಪ ಕೊಟ್ಟರೆ ಕೂಗುವ ಗಂಟಲು ಅರ್ಧ ಕಟ್ಟಿದಂತೆ.

ಬಾಬಾಸಾಹೇಬರಿಗೆ ಆದದ್ದು ನೆನೆಯಿರಿ. 1929ನೇ ಇಸವಿ. ಈಗಿನ ಮಹಾರಾಷ್ಟ್ರದ ಚಾಳೀಸ್‌ಗಾಂವ್. ಅವರನ್ನು ಕೇರಿಗೆ ಕರೆದೊಯ್ಯಲು ಜನ ಸ್ಟೇಷನ್ನಿಗೆ ಬಂದಿದ್ದರು. ಅಸ್ಪೃಶ್ಯನನ್ನು ಕೂರಿಸಿಕೊಂಡು ಗಾಡಿ ಹೊಡೆಯಲು ಟಾಂಗಾದವನು ಒಪ್ಪಲಿಲ್ಲ. ಬೇಕಾದರೆ ಟಾಂಗಾ ಒಯ್ಯಿರಿ ಅಂದ. ಅಂಬೇಡ್ಕರರನ್ನು ನಡೆಸಿಕೊಂಡು ಹೋದರೆ ಮರ್ಯಾದೆಯೇ ಎಂದು, ಗಾಡಿ ಹೊಡೆದು ಅಭ್ಯಾಸವಿಲ್ಲದ ಕೇರಿಯವನೊಬ್ಬ ಲಗಾಮು ಹಿಡಿದ. ಸೇತುವೆಯ ಮೇಲೆ ಚಕ್ರ ಕಲ್ಲುಗಳ ಸಂದಿಗೆ ಸಿಕ್ಕಿತು. ಕುದುರೆ, ಟಾಂಗಾ ಹೊಳೆಗೆ ಬಿದ್ದವು. ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿದುಕೊಂಡರು. ಮೂಲ ಪಾಪ ಟಾಂಗಾದವನ ಜಾತಿ ಅಹಂಕಾರದ್ದು. ಆದರೂ ತಮ್ಮ ಮರ್ಯಾದೆ ಉಳಿಸಲು ಹೊರಟ ನಮ್ಮವರು ಜೀವವನ್ನೇ ಅಪಾಯಕ್ಕೆ ಒಡ್ಡಿದ್ದನ್ನು ಅವರು ಮರೆಯದೆ ಬರೆದಿಟ್ಟರು. ಮರ್ಯಾದೆಯೂ ಬೇಕು, ಹಿಂದೆ ಕೂತವರ ಜೀವವೂ ಬೇಕು.

ಶೋಕಿ ಮಾಡೋಣ. ಟ್ಯಾಂಕಿಗೆ ನೀಲಿ ಪಟ್ಟಿ ಅಂಟಿಸೋಣ, ಸೀಟಿಗೆ ಒಳ್ಳೇ ಹೊದಿಕೆ ಹಾಕಿಸೋಣ, ಗಾಡಿ ಫಳಫಳ ಹೊಳೆಯೋ ಹಾಗೆ ಉಜ್ಜೋಣ. ಈ ಭಾನುವಾರ ಮಾತ್ರ ಮಂಚದ ಕೆಳಗಿನ ಸ್ಯಾರಿ ಗಾರ್ಡು ಹೊರಕ್ಕೆ ತೆಗೆಯಿರಿ. ಸ್ಪ್ಯಾನರು ಹಿಡಿಯಿರಿ. ಪ್ಲೇಟು ನೆಟ್ಟಗೆ ನಿಲ್ಲಿಸಿ, ಅದರ ದೀಪ ಉರಿಯುತ್ತಾ ನೋಡಿ. ಆಮೇಲೆ ಊರಿಗೆ ಹೋಗಿ. ಅವ್ವನನ್ನು ಹಿಂದೆ ಕೂರಿಸಿಕೊಳ್ಳಿ. ಅಪ್ಪ ಸೈಕಲ್ ಇಳಿದು ತಳ್ಳಿದ ಆ ಬೀದಿಯಲ್ಲೇ ಒಂದು ಸುತ್ತು ಬನ್ನಿ.

ನೋಡುವವರು ನೋಡಲಿ. ನಂಬರು ಓದುವವರು ಓದಿಕೊಳ್ಳಲಿ.