ಹುಳ ಹಣ್ಣಾಗುವುದು ಕಾರ್ಡಿನಲ್ಲಿಲ್ಲ

ಚನ್ನಪಟ್ಟಣದ ಪಕ್ಕದ ಹಳ್ಳಿಯೊಂದರಲ್ಲಿ ನಾನು ನಲಿಕಲಿ ತರಗತಿಯ ಟೀಚರಾಗಿದ್ದಾಗಿನ ಮಾತು. ಕಾರ್ಡಿನಲ್ಲಿ ಮಾವಿನ ಚಿತ್ರ, ಕೆಳಗೆ 'ಹಣ್ಣು' ಎಂಬ ಪದ. ಹುಡುಗಿಯೊಬ್ಬಳು ಓದಿ ತಲೆಯೆತ್ತಿದಳು: "ಮಿಸ್, ನಮ್ಮನೇಲಿ ಹುಳ ಹಣ್ಣಾಗವೆ. ಅವ್ವ ರಾತ್ರಿಯೆಲ್ಲಾ ಚಂದ್ರಿಕೆಗೆ ಬಿಡ್ತಿದ್ಲು."

ಕಾರ್ಡು ಬದಿಗಿಟ್ಟೆ. ಹಲಗೆಯ ಮೇಲೆ ಹುಳ, ಸೊಪ್ಪು, ಗೂಡು ಎಂದು ಬರೆದೆ. ರೇಷ್ಮೆ ಸಾಕುವ ಮನೆಯ ಮಕ್ಕಳಲ್ಲವೇ, ಗುಂಪು ಗುಂಪೇ ಓದಿತು. ಅಷ್ಟರಲ್ಲಿ ತಪಾಸಣೆಗೆ ಬಂದವರು ಕೇಳಿದರು: "ಇದು ಯಾವ ಮೈಲಿಗಲ್ಲು? ಕಾರ್ಡಿನಲ್ಲಿಲ್ಲವಲ್ಲ?" ನನ್ನ ಬಾಯಿ ಕಟ್ಟಿತು. ಮರುದಿನದಿಂದ ಕಾರ್ಡು ಬಿಟ್ಟು ಅತ್ತಿತ್ತ ಅಲುಗಲಿಲ್ಲ. ಆ ಹೇಡಿತನ ಇಂದಿಗೂ ಚುಚ್ಚುತ್ತದೆ.

ನಲಿಕಲಿಯನ್ನು ಹಳಿಯಲು ಇದನ್ನು ಬರೆಯುತ್ತಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಅದು ಬೆಳೆದದ್ದೇ ಶಿಕ್ಷಕರ ಕೈಯಲ್ಲಿ. ರಿಷಿ ವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿಬಂದವರು ತಾವೇ ಕೂತು ಕಾರ್ಡು ಬರೆದರು. 'ಅ ಆ ಇ ಈ' ಸಾಲನ್ನು ಬಿಟ್ಟು ರ, ಗ, ಸ, ದ, ಅ ಎಂದು ಶುರುಮಾಡುವ ಧೈರ್ಯ ಅದರದು. ಐದೇ ಅಕ್ಷರಕ್ಕೆ ಮಗು ಸರ, ಅರಸ, ಗರಗಸ ಓದುತ್ತದೆ! 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಕಾರ್ಡು ಬಂತು; ಕಾರ್ಡು ಬರೆದವರಿಗಿದ್ದ ಸ್ವಾತಂತ್ರ್ಯ ನನ್ನ ತರಗತಿಯವರೆಗೆ ಬರಲಿಲ್ಲ.

"ಎಲ್ಲ ಟೀಚರೂ ಒಂದೇ ಥರ ಇರುತ್ತಾರೆಯೇ? ಕಾರ್ಡಿದ್ದರೆ ಪಾಠವಾದರೂ ನಡೆಯುತ್ತದೆ" ಎನ್ನುವವರಿದ್ದಾರೆ. ಒಪ್ಪಿದೆ. ಹೊಸಬರಿಗೆ ಊರುಗೋಲು ಬೇಕು. ಆದರೆ ನಮ್ಮ ಚನ್ನಪಟ್ಟಣದ ಬೊಂಬೆ ಮಾಡುವವರನ್ನು ನೋಡಿ. ಅಳತೆ ಒಂದೇ, ಅರಗಿನ ಬಣ್ಣ ಒಂದೇ. ಆದರೂ ಕೈಗೆ ಸಿಕ್ಕ ಮರ ಹೇಗಿದೆಯೆಂದು ತಿಳಿದೇ ಉಳಿ ಒತ್ತುತ್ತಾರೆ. ಮರಕ್ಕಿರುವ ಮರ್ಯಾದೆ ಮಗುವಿಗೆ ಬೇಡವೇ?

ಪೇಟೆಯ ತಾಯಂದಿರೇ, ಇದು ಹಳ್ಳಿಶಾಲೆಯ ಗೋಳು ಎಂದು ಸುಮ್ಮನಾಗಬೇಡಿ. ರಾಮನಗರ, ಕನಕಪುರ, ಮಾಗಡಿ ಎಲ್ಲೇ ಇರಲಿ, ಫೀಸು ಕಟ್ಟಿ ಕಳಿಸುವ ಇಂಗ್ಲಿಷ್ ಶಾಲೆಯಲ್ಲೂ ಪುಸ್ತಕದ ಕಂಪನಿಯವರ ಕೈಪಿಡಿ ನೋಡಿಕೊಂಡೇ ಟೀಚರು ಬಾಯಿ ತೆರೆಯುತ್ತಿದ್ದರೆ ಕತೆ ಇದೇ. ಶಾಲೆಗೆ ಹೋದಾಗ "ಎಷ್ಟು ಪಾಠ ಆಯಿತು?" ಎಂಬುದೊಂದನ್ನೇ ಕೇಳಿ ಬರಬೇಡಿ. "ನಮ್ಮ ಮಗು ಆಡಿದ ಮಾತೊಂದನ್ನು ಹಲಗೆಯ ಮೇಲೆ ಬರೆದಿರಾ?" ಎಂದು ಕೇಳಿ. ಬರೆದದ್ದಕ್ಕೆ ಯಾರಾದರೂ ಟೀಚರನ್ನು ಗದರಿದರೆ, "ಬರೆಯಿರಿ ಅಂದವರು ನಾವೇ" ಎನ್ನಿ.

ಅಂದು ಹಾಗೆನ್ನುವ ಒಬ್ಬ ತಾಯಿ ಬಾಗಿಲಲ್ಲಿ ನಿಂತಿದ್ದರೆ, ನಾನು ಆ ಹಲಗೆಯನ್ನು ಒರೆಸುತ್ತಿರಲಿಲ್ಲ.